ಎಣ್ಣೆ ಕುಡಿದ ಗುಂಡು

ನಮ್ಮೂರಲ್ಲಿ ಇರುವುದೇ ಎರಡು ಬೀದಿ, ಬಾವಿ ಬೀದಿ ಮತ್ತು ಹುಣಸೆ ಬೀದಿ. ಗಾಳಿ ಮಾತ್ರ ಒಂದೇ. ಶಿವರಾತ್ರಿ ಕಳೆದ ಮೇಲೆ ಬರುವ ಮೊದಲ ಸೋಮವಾರ ಉರುಳುಮನೆಯಲ್ಲಿ ಎರಡೂ ಬೀದಿಯವರು ಬೌಲಿಂಗ್, ಅಂದರೆ ಗುಂಡು ಉರುಳಿಸುವ ಆಟ, ಆಡುತ್ತಾರೆ. ಗೆದ್ದ ಬೀದಿಗೆ ಆ ವರ್ಷದ ಗಾಳಿ.

ನಾನು ಸೊಸೆಯಾಗಿ ಬಂದ ವರ್ಷ ಗಾಳಿ ನಮ್ಮ ಬಾವಿ ಬೀದಿಯಲ್ಲಿತ್ತು. ಚಪ್ಪರದ ಮಾವಿನೆಲೆಗಳು ಪಟಪಟ ಬಡಿದುಕೊಳ್ಳುತ್ತಿದ್ದುದರಲ್ಲಿ ಪುರೋಹಿತರು ಹೇಳಿದ ಒಂದು ಮಂತ್ರವೂ ನನಗೆ ಕೇಳಿಸಿರಲಿಲ್ಲ. ಆಗ ನಮ್ಮ ಬೀದಿಯ ಪರವಾಗಿ ಗುಂಡು ಉರುಳಿಸುತ್ತಿದ್ದವರು ನಮ್ಮ ಮಾವ ಶಿವನಂಜಯ್ಯನವರು. ಉರುಳುಮನೆಯಲ್ಲಿ ನುಣುಪಾದ ಹಲಗೆಯ ಉದ್ದನೆಯ ಹಾಸು ಇದೆ. ಅದರ ಎರಡೂ ಬದಿಗೆ ಕಾಲುವೆ, ಆ ತುದಿಯಲ್ಲಿ ಶೀಷೆಗಳ ಹಾಗೆ ನಿಲ್ಲಿಸಿದ ಹತ್ತು ಪಿನ್ನು. ಆಟಕ್ಕೆ ಮೊದಲು ಹಲಗೆಗೆ ತೆಳ್ಳಗೆ ಎಣ್ಣೆ ಬಳಿಯುತ್ತಾರೆ. ಮೂರು ಬೆರಳು ತೂರಿಸಿ ಎತ್ತಿಕೊಂಡ ಗುಂಡನ್ನು ಈ ತುದಿಯಿಂದ ಉರುಳಿಸಬೇಕು. ಉಳಿದವರೆಲ್ಲ ನೆಟ್ಟಗೆ ಉರುಳಿಸುತ್ತಿದ್ದರು. ಮಾವನ ಗುಂಡು ಹಾಗಲ್ಲ. ಬಲಗಡೆಯ ಅಂಚಿಗೇ ಹೋಗಿ, ಇನ್ನೇನು ಕಾಲುವೆಗೆ ಬಿತ್ತು ಅನ್ನುವಾಗ, ಮರೆತದ್ದೇನೋ ನೆನಪಾದವರ ಹಾಗೆ ಎಡಕ್ಕೆ ತಿರುಗಿ ಬಂದು ಪಿನ್ನುಗಳ ಹೊಟ್ಟೆಗೇ ನುಗ್ಗುತ್ತಿತ್ತು. ಅದನ್ನು ನೋಡಲೆಂದೇ ಹುಣಸೆ ಬೀದಿಯವರೂ ಮುಂದಿನ ಸಾಲಿನಲ್ಲಿ ಬಂದು ಕೂರುತ್ತಿದ್ದರು.

ಆಮೇಲೆ ಏನಾಯಿತೋ, ಗುಂಡು ತಿರುಗುವುದನ್ನು ನಿಧಾನವಾಗಿ ಬಿಟ್ಟಿತು. ಒಂದು ವರ್ಷ ಸ್ವಲ್ಪ ತಡವಾಗಿ ತಿರುಗಿತು. ಮುಂದಿನ ವರ್ಷ ಇನ್ನೂ ತಡ. ಕೊನೆಗೆ ಅಂಚಿಗೆ ಹೋದದ್ದು ಅಂಚಿನಲ್ಲೇ ಜಾರಿಕೊಂಡು ಹೋಗಿ ಕಾಲುವೆಗೆ ಬೀಳತೊಡಗಿತು. ಮಾವನೂ ಎಲ್ಲರ ಹಾಗೆ ಮಧ್ಯದಲ್ಲಿ ನಿಂತು ನೆಟ್ಟಗೆ ಎಸೆಯಲು ಕಲಿತರು, ಆದರೆ ಹುಣಸೆ ಬೀದಿಯ ಸೌದೆ ಡಿಪೋದ ಕೆಂಪರಾಜು ಅವರಿಗಿಂತ ಎರಡರಷ್ಟು ಬಲವಾಗಿ ನೆಟ್ಟಗೆ ಎಸೆಯುತ್ತಿದ್ದ. ಗಾಳಿ ಆಚೆ ಬೀದಿಗೆ ಹೋದದ್ದು ಅಲ್ಲೇ ಉಳಿಯಿತು.

ಗಾಳಿಯಿಲ್ಲದೆ ಬದುಕುವುದನ್ನೂ ಜನ ಕಲಿಯುತ್ತಾರೆ. ಒಲೆಯ ಹೊಗೆ ನೂಲು ಹಿಡಿದ ಹಾಗೆ ನೆಟ್ಟಗೆ ಮೇಲೇರುತ್ತಿತ್ತು. ಬೀದಿಯಲ್ಲಿ ಹಚ್ಚಿಟ್ಟ ದೀಪ ಎಣ್ಣೆ ಮುಗಿಯುವವರೆಗೂ ಉರಿಯುತ್ತಿತ್ತು. ಹಾಕಿದ ರಂಗೋಲಿ ವಾರವಾದರೂ ಕೆಡುತ್ತಿರಲಿಲ್ಲ. ಎಲೆ ಹಾರುವುದಿಲ್ಲವೆಂದು ಹುಣಸೆ ಬೀದಿಯ ಇಸ್ಪೀಟಿನವರು ನಮ್ಮ ಜಗಲಿಗೇ ಬರುತ್ತಿದ್ದರು. ಆದರೆ ಒಬ್ಬರ ಮನೆಯಲ್ಲಿ ಒಣಮೀನು ಹುರಿದರೆ ಆ ವಾಸನೆ ಬೀದಿಯಲ್ಲಿ ನಿಂತೇ ಇರುತ್ತಿತ್ತು, ಬೈದರೂ ಹೋಗದ ನೆಂಟನ ಹಾಗೆ. ಅಕ್ಕಿ ಕೇರಬೇಕೆಂದರೆ ಮೊರ ಹೊತ್ತುಕೊಂಡು ಹುಣಸೆ ಬೀದಿಗೇ ಹೋಗಬೇಕು. ಅವರೇನೂ ಕೆಟ್ಟವರಲ್ಲ. "ಬನ್ನಿ ಬನ್ನಿ, ಗಾಳಿಗೇನು ಬರ" ಅಂತ ಕರೆದು ಮಜ್ಜಿಗೆ ಕೊಡುತ್ತಿದ್ದರು. ಅವರು ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಬೆಂದವರು ಮಾವ. ಅವರು ಹುಣಸೆ ಬೀದಿಗೆ ಕಾಲಿಡುವುದನ್ನೇ ನಿಲ್ಲಿಸಿದರು. ಊಟವಾದ ಮೇಲೆ ಕೆರೆ ಏರಿಯ ಮೇಲೆ ಹೋಗಿ ಕೂತರೆ ಬರುತ್ತಿದ್ದದ್ದು ಹೊತ್ತಿಳಿದ ಮೇಲೇ. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಿಂದ ನೀವಿಕೊಳ್ಳುತ್ತಿದ್ದರು, ಅದು ಯಾರದೋ ಕೈ ಅನ್ನುವಂತೆ. ಕೊನೆಗೊಂದು ವರ್ಷ ಸಂಕ್ರಾಂತಿ ದಿನ ಬೀದಿಯವರ ಮುಂದೆ, "ಇದೊಂದು ಸಲ ಆಡ್ತೀನಿ. ಆಮೇಲೆ ನನ್ನ ಕರೀಬೇಡಿ" ಅಂದರು. ನಮ್ಮ ಬೀದಿಯಲ್ಲಿ ಗುಂಡು ಹಿಡಿಯಬಲ್ಲವರು ಬೇರೆ ಯಾರೂ ಇರಲಿಲ್ಲ.

ಗುಂಡು ಇರುತ್ತಿದ್ದದ್ದು ನಮ್ಮ ನಡುಮನೆಯ ಗೂಡಿನಲ್ಲಿ, ಬಟ್ಟೆಯ ಸಿಂಬಿಯ ಮೇಲೆ. ಬೀದಿಗೊಂದೇ ಗುಂಡು. ಅದು ಒಡೆದರೆ ಇನ್ನೊಂದು ತರುವಂತಿಲ್ಲ, ಆ ಬೀದಿ ಶಾಶ್ವತವಾಗಿ ಆಟದಿಂದ ಹೊರಗೆ. ಹಾಗಾಗಿ ಅದನ್ನು ಧೂಳು ಒರೆಸುವುದಕ್ಕೆ ಬಿಟ್ಟು ಇನ್ಯಾವುದಕ್ಕೂ ನಾವು ಮುಟ್ಟುತ್ತಿರಲಿಲ್ಲ. ಶಿವರಾತ್ರಿ ಹತ್ತಿರ ಬರುತ್ತಿದ್ದ ಒಂದು ಮಧ್ಯಾಹ್ನ ಬೆಳಕಿಂಡಿಯ ಬಿಸಿಲು ನೇರ ಗೂಡಿಗೇ ಬಿದ್ದಿತ್ತು. ಒರೆಸಲು ಕೈಯಿಟ್ಟರೆ ಗುಂಡು ಜಾರಿತು. ಎದೆಗೆ ಅವಚಿಕೊಂಡು ಹೇಗೋ ಉಳಿಸಿಕೊಂಡೆ. ರವಿಕೆಯ ಮೇಲೆ ಎಣ್ಣೆಯ ದೊಡ್ಡ ಕಲೆ.

"ಸಾಕಿ, ದೀಪದೆಣ್ಣೆ ಚೆಲ್ಲಿದ್ಯಾ?" ಅಂದರು ಅತ್ತೆ.

"ಇಲ್ಲ ಅತ್ತೆ. ನೀವೇ ನೋಡಿ."

ನಮ್ಮತ್ತೆ ದೇವೀರಮ್ಮ ಗುಂಡನ್ನು ಒರೆಸಿ ಬಿಸಿಲಿಗೇ ಇಟ್ಟು ಎದುರಿಗೆ ಕೂತರು. ಸ್ವಲ್ಪ ಹೊತ್ತಿಗೆ ಅದರ ಮೈಮೇಲೆ ಸಾಸಿವೆಯಷ್ಟು ಸಣ್ಣ ಹನಿಗಳು ಎದ್ದವು. ಅತ್ತೆ ಒಂದನ್ನು ಬೆರಳಿಗೆ ಹಚ್ಚಿ ಮೂಸಿದರು. ಉರುಳುಮನೆಯ ಹಲಗೆಯ ವಾಸನೆಯೇ.

"ಇದು ಬೆವರ್ತಾ ಇದೆ ಕಣೇ," ಅಂದರು. "ಇಷ್ಟು ವರ್ಷ ಹಲಗೆ ಮೇಲಿನ ಎಣ್ಣೆಯನ್ನ ಕುಡಿದೂ ಕುಡಿದೂ ಹೊಟ್ಟೆ ತುಂಬಿದೆ. ಮೈಯೆಲ್ಲ ಜಿಡ್ಡಾದರೆ ನೆಲವನ್ನ ಹೆಂಗೆ ಹಿಡೀತದೆ, ಹೆಂಗೆ ತಿರುಗ್ತದೆ?"

ಆ ಸಂಜೆ ಮಾವನಿಗೆ ಹೇಳಿದೆವು. ಅವರು ತಟ್ಟೆಯಿಂದ ತಲೆಯೆತ್ತಲಿಲ್ಲ. "ಕುಣಿಯೋಕೆ ಬರದೋಳು ಅಂಗಳ ಡೊಂಕು ಅಂದ್ಲಂತೆ. ಗುಂಡಿಗೆ ಏನೂ ಆಗಿಲ್ಲ. ಆಗಿರೋದು ಈ ತೋಳಿಗೆ. ಅದನ್ನ ಮುಟ್ಟಬೇಡಿ," ಅಂದರು. ಅಷ್ಟೇ. ಅನ್ನಕ್ಕೆ ಮಜ್ಜಿಗೆಯನ್ನೂ ಹಾಕಿಸಿಕೊಳ್ಳದೆ ಎದ್ದರು.

ಮರುದಿನ ಮಾವ ಕೆರೆ ಏರಿಯ ಕಡೆ ಹೊರಟದ್ದನ್ನು ಬಾಗಿಲಲ್ಲಿ ನಿಂತು ನೋಡಿದ ಅತ್ತೆ ಒಳಗೆ ಬಂದು ಸೆರಗು ಸಿಕ್ಕಿಸಿಕೊಂಡರು. "ಗುಂಡು ತಗೊಂಡು ಬಾ" ಅಂದರು. ಮಾವ ಮುಟ್ಟಬೇಡಿ ಅಂದದ್ದು ನೆನಪಾಯಿತು. ಆದರೂ ಎತ್ತಿಕೊಂಡು ಬಂದೆ.

ಮೊದಲು ಕಡಲೆಹಿಟ್ಟು ಹಚ್ಚಿ ಉಜ್ಜಿದೆವು. ಮೇಲಿನ ಜಿಡ್ಡು ಹೋಯಿತು, ಬಿಸಿಲಿಗಿಟ್ಟರೆ ಒಳಗಿನದು ಮತ್ತೆ ಬಂತು. ಬಿಸಿಲಲ್ಲೇ ಇಟ್ಟು ಒರೆಸುತ್ತಾ ಹೋದರೆ ಶಿವರಾತ್ರಿಯಲ್ಲ, ದೀಪಾವಳಿಯೇ ಬರಬಹುದಿತ್ತು. ಅದೂ ಅಲ್ಲದೆ ಒಂದು ಮಗ್ಗುಲು ಕಾದು ಇನ್ನೊಂದು ತಣ್ಣಗೆ ಉಳಿಯುತ್ತಿತ್ತು. ಹಾಗಾದರೆ ಸೀಳು ಬಿಡುತ್ತದೆ ಅಂತ ಅತ್ತೆಗೆ ಭಯ. ಅವರು ನಮ್ಮ ಬೀದಿಯ ಎಷ್ಟೋ ಎಳೆಗೂಸುಗಳಿಗೆ ಎಣ್ಣೆ ಹಚ್ಚಿ ನೀರು ಹಾಕಿದವರು. ಗುಂಡನ್ನು ತೊಡೆಯ ಮೇಲಿಟ್ಟುಕೊಂಡು, "ಹಚ್ಚಿದ ಎಣ್ಣೆ ಇಳಿಯೋದು ಬಿಸಿನೀರಿಗೇ ತಾನೆ? ಇದಕ್ಕೂ ನೀರು ಹಾಕೋಣ," ಅಂದರು.

ಬೆರಳು ತೂರಿಸುವ ತೂತುಗಳೊಳಗೆ ನೀರು ಹೋಗಬಾರದಲ್ಲ. ನನ್ನ ಗಂಡ ರಾಚಪ್ಪನಿಗೆ ಸೈಕಲ್ ಶಾಪಿದೆ. ಅಪ್ಪನಿಗೆ ಹೇಳಬಾರದು ಅಂತ ಆಣೆ ಹಾಕಿಸಿಕೊಂಡು ವಿಷಯ ತಿಳಿಸಿದೆ. ಅವರು ಗಾಬರಿಯಿಂದ ನನ್ನನ್ನೂ ಅವರಮ್ಮನನ್ನೂ ನೋಡಿ, "ಒಡೆದುಹೋದ್ರೆ ನಾವು ಊರು ಬಿಡಬೇಕಾಗ್ತದೆ," ಅಂದರು. ಅಂದರೂ ಪಂಚರ್‌ಗೆ ಹಾಕುವ ರಬ್ಬರ್ ತುಂಡುಗಳನ್ನು ಕತ್ತರಿಸಿ, ಸೊಲ್ಯೂಷನ್ ಹಚ್ಚಿ, ಮೂರು ತೂತಿಗೂ ತಾವೇ ಅಂಟಿಸಿಕೊಟ್ಟರು.

ಹಂಡೆಯ ನೀರು ಕುದಿಯುತ್ತಿತ್ತು. ನಾನು ಅದನ್ನೇ ತೋಡಿ ಬಾನಿಗೆ ಸುರಿಯಲು ಹೋದೆ. ಅತ್ತೆ ನನ್ನ ಕೈ ಹಿಡಿದರು. "ಏನು ಬೇಯಿಸ್ತೀಯಾ ಅದನ್ನ? ಕೂಸಿನ ನೆತ್ತಿ ಅನ್ಕೋ." ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿದರು. ಕೂಸಿಗೆ ಹಾಕುವುದಕ್ಕಿಂತ ಬಿಸಿ, ಆದರೆ ಕೈಯನ್ನು ಸ್ವಲ್ಪ ಹೊತ್ತು ಇಟ್ಟಿರಬಹುದು, ಅಷ್ಟು. ಪಾತ್ರೆ ತೊಳೆಯುವ ಸೋಪನ್ನು ಕದಡಿದರು. ಬಾನಿಯ ತಳಕ್ಕೆ ತಮ್ಮ ಹಳೇ ಸೀರೆ ಮಡಿಸಿ ಹಾಸಿದರು. ಆಮೇಲೆ ಎರಡೂ ಕೈಯಲ್ಲಿ ಗುಂಡನ್ನು ಹಿಡಿದು, ಒಂದೇ ಸಲ ಮುಳುಗಿಸದೆ, ನೀರು ತೋರಿಸಿ ತೋರಿಸಿ ಇಳಿಸಿದರು.

ನಾವಿಬ್ಬರೂ ಬಾನಿಯ ಮೇಲೆ ಬಗ್ಗಿ ಕೂತೆವು. ಮೊದಲು ಏನೂ ಕಾಣಲಿಲ್ಲ. ಆಮೇಲೆ ನೀರಿನ ಮೇಲೆ ಹೊಂಬಣ್ಣದ ಒಂದು ಚುಕ್ಕಿ ಎದ್ದು ಅಗಲವಾಯಿತು. ಅದರ ಪಕ್ಕ ಇನ್ನೊಂದು. ನೋಡನೋಡುತ್ತಿದ್ದ ಹಾಗೆ ಸಾರಿನ ಮೇಲೆ ಒಗ್ಗರಣೆ ತೇಲಿದ ಹಾಗೆ ನೀರಿನ ಮೇಲೆಲ್ಲ ಎಣ್ಣೆ. ಅತ್ತೆ ಸೌಟಿನಿಂದ ಅದನ್ನು ತೆಗೆದು ತೆಗೆದು ಬಟ್ಟಲಿಗೆ ಹಾಕಿದರು. ಅವರ ಮುಖದಲ್ಲಿ ಹೆರಿಗೆ ಸುಸೂತ್ರವಾದಾಗ ಬರುವ ಕಳೆ ಬಂದಿತ್ತು.

ನೀರು ಆರಿದ ಮೇಲೆ ಎತ್ತಿ ಒರೆಸಿ, ಬೇರೆ ನೀರು ಬೆರೆಸಿ ಮತ್ತೆ ಇಳಿಸಿದೆವು. ಹಾಗೆ ದಿನಾ ಮಧ್ಯಾಹ್ನ ಮಾಡಿದೆವು. ಒಂದು ದಿನ ಗುಂಡು ನೀರಲ್ಲಿರುವಾಗ ಟಣ್ ಅಂತ ಸದ್ದಾಯಿತು. ಅತ್ತೆಯ ಕೈಯಿಂದ ಸೌಟು ಬಿತ್ತು. ನಾನು ಕಣ್ಣು ಮುಚ್ಚಿಕೊಂಡು ಗುಂಡನ್ನು ಎತ್ತಿ, ಬೆರಳಿನಿಂದ ಮೈಯೆಲ್ಲ ತಡವಿದೆ. ಎಲ್ಲೂ ಸೀಳಿರಲಿಲ್ಲ. ಆಮೇಲೆ ನೋಡಿದರೆ ಒಲೆಯ ಮೇಲಿನ ಹಂಡೆಯ ಹಳೇ ತಗ್ಗು ಶಾಖಕ್ಕೆ ಉಬ್ಬಿಕೊಂಡು ಮಾಡಿದ ಸದ್ದು ಅದು. ನಾವಿಬ್ಬರೂ ಬಚ್ಚಲಲ್ಲೇ ಕೂತು ನಕ್ಕೆವು. ನಗುತ್ತಾ ನಗುತ್ತಾ ಅತ್ತೆ ಅತ್ತುಬಿಟ್ಟರು. "ನಿಮ್ಮ ಮಾವ ನಗೋದನ್ನ ನೋಡಿ ಎಷ್ಟು ವರ್ಷ ಆಯ್ತೆ," ಅಂದರು.

ಶಿವರಾತ್ರಿಯ ಹಿಂದಿನ ದಿನ ನೀರಿನ ಮೇಲೆ ಒಂದು ಚುಕ್ಕಿಯೂ ಏಳಲಿಲ್ಲ. ರಬ್ಬರ್ ಕಿತ್ತು, ಒರೆಸಿ, ನೆರಳಲ್ಲಿ ಆರಿಸಿದೆವು. ಕೈಯಲ್ಲಿ ಹಿಡಿದರೆ ಗುಂಡು ಅಂಗೈಗೆ ಅಂಟುವ ಹಾಗಿತ್ತು. ಗೂಡಿನಲ್ಲಿಟ್ಟು ಬಾಯಿ ಮುಚ್ಚಿಕೊಂಡೆವು. ಬೈದರೆ ಗೆದ್ದ ಮೇಲೆ ಬೈಯಲಿ ಅಂತ ನಮ್ಮ ಲೆಕ್ಕ. ನಾವು ಮಾಡಿದ ತಪ್ಪು ಅದೇ.

ಸೋಮವಾರ ಉರುಳುಮನೆ ಕಿಕ್ಕಿರಿದಿತ್ತು. ಕೆಂಪರಾಜು ಮೊದಲು ಎಸೆದ. ಗುಂಡು ರೈಲಿನ ಹಾಗೆ ನೆಟ್ಟಗೆ ಹೋಗಿ ಎರಡು ಪಿನ್ನು ಬಿಟ್ಟು ಉಳಿದವನ್ನೆಲ್ಲ ಕೆಡವಿತು. ಮಾವ ಎದ್ದರು. ಈಚಿನ ವರ್ಷಗಳಲ್ಲಿ ನಿಲ್ಲುತ್ತಿದ್ದ ಹಾಗೇ ಮಧ್ಯದಲ್ಲಿ ನಿಂತು ನೆಟ್ಟಗೆ ಬಿಟ್ಟರು. ಗುಂಡು ಅರ್ಧ ದಾರಿ ನೆಟ್ಟಗೆ ಹೋದದ್ದು ಸರಕ್ಕನೆ ಎಡಕ್ಕೆ ಹೊರಳಿ ಕಾಲುವೆಗೆ ಬಿತ್ತು. ಒಂದು ಪಿನ್ನೂ ಅಲುಗಲಿಲ್ಲ. ಆ ಸರದಿಯ ಎರಡನೆಯ ಎಸೆತವೂ ಹಾಗೇ. ಮುಂದಿನ ಸರದಿಯಲ್ಲೂ ಹಾಗೇ.

ನಮ್ಮ ಬೀದಿಯವರು ತಲೆತಗ್ಗಿಸಿದರು. "ಪಾಪ, ವಯಸ್ಸಾಯ್ತು," ಅಂತ ಹಿಂದೆ ಯಾರೋ ಅಂದರು. ಮಾವ ತಮ್ಮ ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡರು. ಆ ಮುಖ ನೋಡಿದ ಮೇಲೆ ನನ್ನಿಂದ ಕೂತಿರಲು ಆಗಲಿಲ್ಲ. ಅತ್ತೆಯೂ ನನ್ನ ಬೆನ್ನಿಗೆ ಕೈಯಿಟ್ಟು ದೂಡಿದರು. ಆಟಗಾರರು ಕೈ ಒರೆಸಿಕೊಳ್ಳುವ ಕಟಕಟೆಯ ಹತ್ತಿರ ಓಡಿಹೋಗಿ ಟವೆಲ್ ಚಾಚಿದೆ.

"ಮಾವ, ನಾವು ಗುಂಡಿಗೆ ನೀರು ಹಾಕಿದ್ವಿ."

ಅವರಿಗೆ ಅರ್ಥವಾಗಲಿಲ್ಲ. "ಏನಂದೆ?"

"ಬಿಸಿನೀರಲ್ಲಿಟ್ಟು ಎಣ್ಣೆ ತೆಗೆದ್ವಿ. ನಾನೂ ಅತ್ತೆಯೂ. ನೀವು ಬೇಡ ಅಂದಿದ್ರೂ. ಅದು ಈಗ ಮೊದಲಿನ ಹಾಗೆ ತಿರುಗ್ತಾ ಇದೆ, ಅದಕ್ಕೇ ಎಡಕ್ಕೆ ಹೋಗ್ತಾ ಇದೆ."

ನಾನು ಬೈಗುಳಕ್ಕೆ ಕಾದೆ. ಮಾವ ಟವೆಲನ್ನು ಕೈಯಲ್ಲಿ ಹಾಗೇ ಹಿಡಿದುಕೊಂಡಿದ್ದರು.

"ಎಷ್ಟು ಬಂತು ಎಣ್ಣೆ?"

"ಒಂದು ಬಟ್ಟಲು ತುಂಬ."

"ಒಂದು ಬಟ್ಟಲು," ಅಂದರು. ಆಮೇಲೆ ತೀರಾ ಮೆಲ್ಲಗೆ, ಮಕ್ಕಳು ಕೇಳುವ ಹಾಗೆ, "ಹಂಗಾದ್ರೆ ನನ್ನ ಕೈ?" ಅಂದರು.

"ಕೈಗೆ ಏನೂ ಆಗಿಲ್ಲ ಮಾವ. ಯಾವತ್ತೂ ಆಗಿರಲಿಲ್ಲ."

ಅವರು ಟವೆಲಿನಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿದರು. ಹೊಸ ಪಾತ್ರೆ ಒರೆಸುವ ಹಾಗೆ ಒರೆಸಿದರು. ಟವೆಲನ್ನು ನನ್ನ ಹೆಗಲ ಮೇಲೆ ಹಾಕಿ ಹಾಸಿನ ಕಡೆ ತಿರುಗಿದರು.

ಈ ಸಲ ಮಧ್ಯದಲ್ಲಿ ನಿಲ್ಲಲಿಲ್ಲ. ಎಡಕ್ಕೆ ಸರಿದರು, ಇನ್ನೂ ಸರಿದರು, ಹಳೆಯವರಿಗೆಲ್ಲ ನೆನಪಿದ್ದ ಆ ಜಾಗಕ್ಕೆ. ಮುಂದಿನ ಸಾಲಿನ ಮುದುಕರೊಬ್ಬರು ಮಾತು ನಿಲ್ಲಿಸಿ ಕೋಲೂರಿಕೊಂಡು ಎದ್ದು ನಿಂತರು. ಮಾವ ಗುಂಡನ್ನು ಬಲಗಡೆಯ ಅಂಚಿಗೆ ಬಿಟ್ಟರು. ಅದು ಅಂಚಿಗೇ ಹೋಯಿತು. ಕಾಲುವೆಯ ತುಟಿಗೇ ಹೋಯಿತು. ಹುಣಸೆ ಬೀದಿಯ ಕಡೆ ಯಾರೋ ಆಗಲೇ ಚಪ್ಪಾಳೆಗೆ ಕೈಯೆತ್ತಿದ್ದರು. ಆಗ ಗುಂಡು ತಿರುಗಿತು. ನೆಲವನ್ನು ಕಚ್ಚಿಕೊಂಡು, ಒಳಗೆ ನುಗ್ಗಿ, ಹತ್ತಕ್ಕೆ ಹತ್ತನ್ನೂ ಗೋಡೆಗೆ ಎಸೆಯಿತು.

ಆ ಸದ್ದಿಗೆ ಉರುಳುಮನೆಯ ಹೆಂಚಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು. ನಮ್ಮವರಿಗೆ ಮೊದಲು ಕೂಗುವುದೇ ಮರೆತುಹೋಗಿತ್ತು. ಮುಂದಿನ ಸರದಿಯಲ್ಲೂ ಹತ್ತೂ ಬಿದ್ದಾಗ ನೆನಪಾಯಿತು. ಆಮೇಲೆ ಮಾವ ಆಡಿದ್ದನ್ನು ನಾನು ಹೇಳುವುದಕ್ಕಿಂತ ಅವರ ಭುಜ ನೋಡಿದವರು ಹೇಳಬೇಕು. ಪ್ರತಿ ಎಸೆತಕ್ಕೂ ಅದು ಒಂದಿಷ್ಟು ಕೆಳಗಿಳಿದು ಸಡಿಲವಾಗುತ್ತಾ ಹೋಯಿತು. ಕೆಂಪರಾಜು ಹೆದರಲಿಲ್ಲ, ಚೆನ್ನಾಗಿಯೇ ಆಡಿದ. ಕೊನೆಯ ಎಸೆತ ಮಾವನದು. ಒಂದು ಪಿನ್ನು ಉಳಿದರೂ ಸೋಲು. ಮಾವ ಗುಂಡು ಬಿಟ್ಟವರು ಅದು ಎಲ್ಲಿ ಹೋಗುತ್ತದೆಂದು ನೋಡಲೇ ಇಲ್ಲ. ತಿರುಗಿ ಹೆಂಗಸರ ಸಾಲಿನಲ್ಲಿ ಅತ್ತೆಯನ್ನು ಹುಡುಕಿದರು. ಅವರ ಬೆನ್ನ ಹಿಂದೆ ಹತ್ತೂ ಬಿದ್ದವು. ಮಾವ ನಗುತ್ತಿದ್ದರು.

ನಾವು ಅವರನ್ನು ಹೊತ್ತುಕೊಂಡು ಬಾವಿ ಬೀದಿಗೆ ತಿರುಗುವ ಹೊತ್ತಿಗೆ ಗಾಳಿ ಅಲ್ಲಿಗೆ ಬಂದು ಮುಟ್ಟಿತ್ತು. ಬಾಗಿಲಿಗೆ ಅಗುಳಿ ಹಾಕುವ ಅಭ್ಯಾಸವೇ ತಪ್ಪಿಹೋಗಿದ್ದರಿಂದ ಮನೆಮನೆಯ ಬಾಗಿಲೂ ಧಡಾರೆಂದು ಬಡಿದುಕೊಳ್ಳುತ್ತಿತ್ತು. ಯಾರದೋ ಪಂಚೆ ದೇವಸ್ಥಾನದ ಮೇಲೆ ಹೋಗಿ ಕೂತಿತು. ಹಿಂದಿನ ವರ್ಷಗಳ ಒಣಮೀನು, ಹಾಗಲಕಾಯಿ, ಸೀಮೆಎಣ್ಣೆಯ ವಾಸನೆಗಳೆಲ್ಲ ಒಟ್ಟಿಗೆ ಎದ್ದು ಹೊರಟುಹೋದವು. ಬೀದಿಗೆ ಬೀದಿಯೇ ಮೂಗು ಮುಚ್ಚಿಕೊಂಡು ನಕ್ಕಿತು. ಗಾಳಿಯನ್ನೇ ಕಾಣದೆ ಬೆಳೆದ ಮಕ್ಕಳು ಹೆದರಿ ಅಮ್ಮಂದಿರ ಸೆರಗು ಹಿಡಿಯಲು ಹೋದರೆ ಸೆರಗೂ ಹಾರುತ್ತಿತ್ತು. ಅತ್ತೆ ಬೀದಿಯ ನಡುವೆ ನಿಂತು ತುರುಬು ಬಿಚ್ಚಿದರು. ಇಷ್ಟು ವಯಸ್ಸಿಗೆ ಅದೇನು ಅಂತ ಯಾರೂ ಕೇಳಲಿಲ್ಲ. ಅವರ ಬಿಳಿಕೂದಲು ಒಂದು ಗಳಿಗೆ ಬಾವುಟದ ಹಾಗೆ ಹಾರಿತು.

ಒಂದು ವಾರ ಕಳೆದಿರಬೇಕು. ಸಂಜೆ ಜಗಲಿಯಲ್ಲಿ ಎಲ್ಲರೂ ಗಾಳಿಗೆ ಕೂತಿದ್ದೆವು. ಕೆಂಪರಾಜು ಚೀಲ ಹಿಡಿದುಕೊಂಡು ಬಂದ. ಚಪ್ಪಲಿ ಬಿಟ್ಟು, ಚೀಲವನ್ನು ಅತ್ತೆಯ ಮುಂದಿಟ್ಟ. ಒಳಗೆ ಹುಣಸೆ ಬೀದಿಯ ಗುಂಡು.

"ದೇವೀರಕ್ಕ, ಇದಕ್ಕೂ ಒಂದ್ಸಲ ನೀರು ಹಾಕ್ಕೊಡ್ತೀರಾ? ನಮ್ಮ ಬೀದಿಯೋರಿಗೆ ಹೇಳೇ ಬಂದಿದೀನಿ," ಅಂದ. ಆಮೇಲೆ ಮಾವನ ಕಡೆ ತಿರುಗಿ, "ಯಜಮಾನ್ರೇ, ಚಿಕ್ಕೋನಿದ್ದಾಗ ನಿಮ್ಮ ಆಟ ನೋಡೇ ನಾನು ಗುಂಡು ಹಿಡಿದಿದ್ದು. ನಿಮ್ಮ ಹಾಗೆ ತಿರುಗಿಸೋಕೆ ನೋಡ್ದೆ, ನಂದು ತಿರುಗಲೇ ಇಲ್ಲ. ನನ್ನ ಕೈಗೆ ಬರಲ್ಲ ಅಂತ ಬಿಟ್ಟುಬಿಟ್ಟೆ," ಅಂದ.

ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಎದ್ದು ಬಂದು ನಿಂತರು. "ಆಗಲ್ಲ ಅನ್ನಿ," ಅಂತ ಒಬ್ಬರು ನನ್ನ ಗಂಡನ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ನನ್ನ ಗಂಡ ಅವರಪ್ಪನ ಮುಖ ನೋಡಿದರು. ಅತ್ತೆಯೂ ಮಾವನನ್ನೇ ನೋಡಿದರು.

ಮಾವ ಚೀಲದಿಂದ ಗುಂಡು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮೂಸಿದರು. ಹೆಬ್ಬೆರಳಿನಿಂದ ಉಜ್ಜಿ, ಜಿಡ್ಡನ್ನು ಕೆಂಪರಾಜುವಿಗೆ ತೋರಿಸಿದರು. ಅವನ ಬಲಗೈಯನ್ನು ಹಿಡಿದು ಮಗುಚಿ ಬೆರಳುಗಳನ್ನು ನೋಡಿದರು. "ಕೈ ಚೆನ್ನಾಗಿದೆ," ಅಂದರು. ಆಮೇಲೆ ಎದ್ದು, ಗುಂಡನ್ನು ಬಗಲಲ್ಲಿಟ್ಟುಕೊಂಡು ಬಚ್ಚಲಿಗೆ ನಡೆದರು. ಒಲೆಗೆ ತೆಂಗಿನ ಮಟ್ಟೆ ತುರುಕುವ ಸದ್ದು ಕೇಳಿಸಿತು. ಹೊಗೆಯ ಹಿಂದೆಯೇ ಅವರ ದನಿಯೂ ಬಂತು.

"ಸಾಕಮ್ಮ, ನಿಮ್ಮತ್ತೆಯನ್ನ ಕಳಿಸು. ನೀರಿನ ಹದ ಅವಳೇ ನೋಡಲಿ. ಇದು ಒಡೆದುಹೋದ್ರೆ ಬರೋ ವರ್ಷ ನಾನು ಯಾರ ಜೊತೆ ಆಡ್ಲಿ?"